ಕೆರೆ ಸುತ್ತಲು ದಾರಿ ಇದೆ, ಕೆಲಸಕ್ಕೆ ಹೋಗಲು ಇಲ್ಲ

ಮೈಸೂರಿನಲ್ಲಿ ನಡೆಯೋಕೆ ಒಳ್ಳೆ ಜಾಗ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಕುಕ್ಕರಹಳ್ಳಿ ಕೆರೆ ಎನ್ನುತ್ತಾರೆ. ಇಲ್ಲವೇ ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆ. ಕಾಲು ಗಟ್ಟಿ ಇರುವವರು ಚಾಮುಂಡಿ ಬೆಟ್ಟದ ಮೆಟ್ಟಿಲು ಎನ್ನುತ್ತಾರೆ. 'ನಮ್ಮನೆಯಿಂದ ಮಾರ್ಕೆಟ್‌ಗೆ ಹೋಗೋ ರಸ್ತೆ' ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ. ಹೇಳಿದರೆ ತಮಾಷೆ ಮಾಡ್ತಿದ್ದಾರೆ ಅಂದುಕೊಳ್ಳುತ್ತೇವೆ.

ಕುಕ್ಕರಹಳ್ಳಿ ಕೆರೆ ಬಗ್ಗೆ ನನ್ನ ತಕರಾರು ಏನೂ ಇಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ ಅದು. ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಏರಿಯ ಮೇಲೆ ಗಾಳಿ ಚೆನ್ನಾಗಿದೆ, ಹೆಜ್ಜಾರ್ಲೆಗಳು ಬರುತ್ತವೆ. ಆದರೆ ಬೆಳಗ್ಗೆ ಅದರ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕಾರುಗಳ ಸಾಲು, ಸ್ಕೂಟರ್‌ಗಳ ಸಾಲು. ನಡೆಯುವುದಕ್ಕೆ ಗಾಡಿಯಲ್ಲಿ ಬರುವ ಊರು ನಮ್ಮದು! ಎರಡು ಕಿಲೋಮೀಟರ್ ದೂರದ ಮನೆಯಿಂದ ಕಾರಿನಲ್ಲಿ ಬಂದು, ಕೆರೆಗೆ ಒಂದು ಸುತ್ತು ಹಾಕಿ, ಮತ್ತೆ ಕಾರಿನಲ್ಲೇ ವಾಪಸ್. ಅವರನ್ನು ಬೈದು ಪ್ರಯೋಜನವಿಲ್ಲ. ಆ ಎರಡು ಕಿಲೋಮೀಟರ್ ನಡೆದು ಬರೋಣ ಅಂದರೆ ದಾರಿ ಎಲ್ಲಿದೆ?

ಕೆರೆ ಸುತ್ತಿನ ದಾರಿ ಹೊರಟಲ್ಲಿಗೇ ತಂದು ಬಿಡುತ್ತದೆ. ಮೈಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಊರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಎಲ್ಲಿಗಾದರೂ ಮುಟ್ಟಿಸುವ ದಾರಿ. ಹಿಂದಿನವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಬೆಟ್ಟದ ಮೆಟ್ಟಿಲುಗಳು ಹದಿನೇಳನೇ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು. ಹತ್ತುವವನಿಗೆ ನಡುವೆ ನಂದಿ ಸಿಗುತ್ತದೆ, ಕೊನೆಗೆ ಗುಡಿ ಸಿಗುತ್ತದೆ. ಅರ್ಧ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಕರೆದುಕೊಂಡು ಹೋಗಿ ಕೈಬಿಡುವುದಿಲ್ಲ.

ದಿನಾ ನಡೆಯುವವರು ಯಾರು ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಸುಕಿನಲ್ಲೇ ಬೀದಿ ಗುಡಿಸಲು ಹೊರಡುವ ಪೌರಕಾರ್ಮಿಕರು. ನಾಲ್ಕು ಮನೆ ಕೆಲಸ ಮುಗಿಸಿ ಐದನೆಯದಕ್ಕೆ ಓಡುವ ಹೆಂಗಸರು. ರಿಂಗ್ ರಸ್ತೆಯ ಆಚೆಯ ಹಳ್ಳಿಯಿಂದ ಸೈಕಲ್ ತುಳಿದು ಬರುವ ಅಪಾರ್ಟ್‌ಮೆಂಟಿನ ಕಾವಲುಗಾರ. ಟ್ಯೂಷನ್‌ಗೆ ಹೋಗುವ ಮಕ್ಕಳು. ಇವರಿಗೆ ಟ್ರ್ಯಾಕ್ ಸೂಟ್ ಇಲ್ಲ. ಇವರು ಎಷ್ಟು ಹೆಜ್ಜೆ ನಡೆದರು ಅಂತ ಕೈಗಡಿಯಾರ ಲೆಕ್ಕ ಇಡುವುದಿಲ್ಲ. ಹಾಗಾಗಿ 'ವಾಕಿಂಗ್ ಪಾತ್ ಅಭಿವೃದ್ಧಿ' ಅಂತ ಯಾರಾದರೂ ಅರ್ಜಿ ಬರೆದಾಗ ಇವರ ನೆನಪೇ ಬರುವುದಿಲ್ಲ.

ನಮ್ಮ ಬಡಾವಣೆಯ ಮುಖ್ಯರಸ್ತೆ ಪಕ್ಕದಲ್ಲಿ ಅಂಥದ್ದೊಂದು ದಾರಿ ಇದೆ. ನಡೆಯುವವರಿಗೂ ಸೈಕಲ್‌ನವರಿಗೂ ಸೇರಿಸಿ ಮಾಡಿದ್ದು. ಇಂಟರ್‌ಲಾಕ್ ಟೈಲ್ಸ್ ಹಾಕಿದ್ದಾರೆ, ಅಂಚಿಗೆ ಹಳದಿ-ಕಪ್ಪು ಬಣ್ಣ ಬಳಿದಿದ್ದಾರೆ, ನೆಲದ ಮೇಲೆ ಬಿಳಿ ಸೈಕಲ್ ಚಿತ್ರ ಬರೆದಿದ್ದಾರೆ. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಈಗ ಅದನ್ನು 'ಇನ್ನಷ್ಟು ಉತ್ತಮಪಡಿಸಬೇಕು' ಅಂತ ಮಾತು ಎದ್ದಿದೆ. ಹೊಸ ಟೈಲ್ಸ್, ಕಲ್ಲುಬೆಂಚು, ಅಲಂಕಾರದ ದೀಪ, ಒಂದು ಸೆಲ್ಫಿ ಪಾಯಿಂಟ್. ಈ ಪಟ್ಟಿ ನೋಡಿದ ಮೇಲೆ ನನಗೆ ಇಷ್ಟೆಲ್ಲ ಬರೆಯಬೇಕು ಅನ್ನಿಸಿದ್ದು.

ಆ ದಾರಿಯಲ್ಲಿ ಸೈಕಲ್ ತುಳಿಯುವುದು ಹೇಗಿರುತ್ತದೆ ಅಂತ ಹೇಳುತ್ತೇನೆ. ಪ್ರತಿ ಮನೆ ಗೇಟಿನ ಮುಂದೆ ಕಾರು ಹತ್ತಿಸಲು ಇಳಿಜಾರು ಮಾಡಿಕೊಂಡಿದ್ದಾರೆ. ಅಲ್ಲೆಲ್ಲ ದಾರಿ ಕೆಳಕ್ಕೆ ಬೀಳುತ್ತದೆ, ಗೇಟು ದಾಟಿದ ಮೇಲೆ ಮತ್ತೆ ಏಳುತ್ತದೆ. ಮೂವತ್ತು ನಲವತ್ತು ಅಡಿಗೊಂದು ಗೇಟು. ಏಳುವ ಕಡೆ ಇಳಿಜಾರು ನಯವಾಗಿರುವುದಿಲ್ಲ, ಒಂದು ಗೇಣಿನ ಅಂಚು ಇರುತ್ತದೆ. ಸೈಕಲ್ ಇಳಿಯಬೇಕು, ಎತ್ತಬೇಕು, ಮತ್ತೆ ಹತ್ತಬೇಕು. ದಿನಾ ಆ ಕಡೆಯಿಂದಲೇ ಬರುವ ಒಬ್ಬ ಕಾವಲುಗಾರರನ್ನು 'ನೀವು ಯಾಕಣ್ಣಾ ರಸ್ತೆ ಮೇಲೇ ಬರ್ತೀರಿ, ಪಕ್ಕದಲ್ಲಿ ದಾರಿ ಇದೆಯಲ್ಲ' ಅಂತ ಕೇಳಿದೆ. ಅವರು ನಕ್ಕರು. 'ಅಯ್ಯೋ ಬುಡಿ ಸಾ, ಅಲ್ಲೊಂದ್ ಕಿತ ಹತ್ತು, ಇಲ್ಲೊಂದ್ ಕಿತ ಇಳಿ. ಅದ್ರ ಮ್ಯಾಲೆ ಓಗದ್ಕಿಂತ ಸೈಕಲ್ಲ ಎಗಲ್ ಮ್ಯಾಲೆ ಇಟ್ಕಂಡ್ ನಡ್ಕ ಓಗದೇ ವಾಸಿ.'

ಅವರ ಮಾತಿನಲ್ಲೇ ಪರಿಹಾರವೂ ಇದೆ. ದಾರಿ ಒಂದೇ ಮಟ್ಟದಲ್ಲಿ ಸಾಗಬೇಕು. ಏರಿ ಇಳಿಯಬೇಕಾದ್ದು ಕಾರು. ಗೇಟಿನ ಮುಂದೆ ನಡಿಗೆ ದಾರಿಯನ್ನು ಕೆಳಗಿಳಿಸುವ ಬದಲು ಹಾಗೇ ಬಿಟ್ಟು, ರಸ್ತೆ ಕಡೆಯ ಅಂಚಿನಲ್ಲಿ ಚಿಕ್ಕ ಇಳಿಜಾರು ಕೊಟ್ಟರೆ ಸಾಕು. ಕಾರು ನಿಧಾನಕ್ಕೆ ಹತ್ತಿ, ದಾರಿ ದಾಟಿ, ಒಳಗೆ ಹೋಗುತ್ತದೆ. ಅಡ್ಡರಸ್ತೆ ಬರುವ ಕಡೆಯೂ ಅಷ್ಟೇ. ಅಡ್ಡರಸ್ತೆಯ ಬಾಯಿಯನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಿದರೆ ನಡೆಯುವವರು ಇಳಿಯದೆ ದಾಟುತ್ತಾರೆ, ಗಾಡಿಯವರಿಗೆ ಅದೇ ಹಂಪ್ ಆಗುತ್ತದೆ. ಇಂಜಿನಿಯರ್‌ಗಳಿಗೆ ಇದು ಗೊತ್ತಿಲ್ಲದ್ದಲ್ಲ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಮಾಡಿರುವ ಮಾರ್ಗಸೂಚಿಯಲ್ಲಿ ಫುಟ್‌ಪಾತಿನ ಅಂಚು 150 ಮಿಲಿಮೀಟರ್ ಎತ್ತರ ದಾಟಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ಯಾವ ಅಡ್ಡಿಯೂ ಇಲ್ಲದೆ ಸಿಗಬೇಕು ಅಂತ ಇದೆ. ನಾನು ಟೇಪ್ ಹಿಡಿದುಕೊಂಡು ಹೊರಟರೆ ಅಕ್ಕಪಕ್ಕದವರು ನನ್ನನ್ನು ಸರ್ವೆಯವನು ಅಂದುಕೊಂಡು ಗಾಬರಿಯಾಗುತ್ತಾರೆ. ಆದರೂ ಸುಮ್ನೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ, 1.8 ಮೀಟರ್ ಅಂದರೆ ಆರು ಅಡಿ. ಆರು ಅಡಿ ಕಾಗದದಲ್ಲಿದೆ. ಅದರೊಳಗೆ ಒಂದು ಕರೆಂಟ್ ಕಂಬ, ಒಂದು ಕೇಬಲ್ ಪೆಟ್ಟಿಗೆ, ಒಂದು ಹೊಂಗೆ ಮರ, ಎರಡು ಸ್ಕೂಟರ್ ಇವೆ. ಉಳಿದದ್ದು ನಮ್ಮದು.

ಇಷ್ಟು ಜಾಗದಲ್ಲಿ ಸೈಕಲ್ಲೂ ಬರಬೇಕು, ಜನವೂ ನಡೆಯಬೇಕು. ಇಬ್ಬರು ಗೆಳತಿಯರು ಮಾತಾಡುತ್ತಾ ಜೊತೆಯಲ್ಲಿ ನಡೆದರೆ ನಾಲ್ಕು ಅಡಿ ಬೇಕು. ಸೈಕಲ್ಲಿನ ಹ್ಯಾಂಡಲ್ ಎರಡು ಅಡಿಯಾದರೂ ಅದು ಅತ್ತಿತ್ತ ವಾಲುವುದಕ್ಕೆ ಇನ್ನೊಂದು ಅಡಿಗಿಂತ ಜಾಸ್ತಿ ಬೇಕು. ನಡುವೆ ಒಂದಿಷ್ಟು ಅಂತರ, ಕಾಂಪೌಂಡ್ ಗೋಡೆಯಿಂದ ಒಂದಿಷ್ಟು ದೂರ. ಎಲ್ಲ ಕೂಡಿದರೆ ಹತ್ತು ಅಡಿ. ಬ್ರಿಟನ್ನಿನವರು 2020ರಲ್ಲಿ ಸೈಕಲ್ ದಾರಿಗಳಿಗೆ ಮಾಡಿದ ಮಾರ್ಗಸೂಚಿಯಲ್ಲಿ ಹಂಚಿಕೊಳ್ಳುವ ದಾರಿಗೆ ಹೇಳಿರುವುದೂ ಹೆಚ್ಚುಕಡಿಮೆ ಇಷ್ಟೇ, 3 ಮೀಟರ್. ಅದೂ ಗಂಟೆಗೆ 300ರ ಒಳಗೆ ಸೈಕಲ್ ಹೋಗುವ ಕಡೆ. ಜೊತೆಗೆ ಪೇಟೆಯೊಳಗಿನ ಬೀದಿಗಳಲ್ಲಿ ಈ ಹಂಚಿಕೆಯೇ ಬೇಡ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮಾಡಿ ಎಂಬ ಧಾಟಿ ಅದರಲ್ಲಿದೆ. ಕಾರಣ ಸರಳ. ನಡೆಯುವವರ ವೇಗ ಗಂಟೆಗೆ ಐದು ಕಿಲೋಮೀಟರ್, ಸೈಕಲ್ಲಿನದು ಹದಿನೈದು. ಹಿಂದಿನಿಂದ ಮೂರು ಪಟ್ಟು ವೇಗದಲ್ಲಿ ಬರುವ ವಸ್ತುವಿಗೆ ವಯಸ್ಸಾದವರು ಹೆದರುತ್ತಾರೆ. ಅದು ಡಿಕ್ಕಿ ಹೊಡೆಯಬೇಕು ಅಂತೇನಿಲ್ಲ, ಪಕ್ಕದಲ್ಲಿ ಸುಯ್ಯೆಂದು ಹೋದರೆ ಸಾಕು. ಮಾರನೇ ದಿನದಿಂದ ಅವರು ಆ ದಾರಿಗೆ ಬರುವುದಿಲ್ಲ.

ಹಾಗಾದರೆ ನಡುವೆ ಬಿಳಿ ಗೆರೆ ಎಳೆದು ಇದು ನಿನಗೆ, ಅದು ನನಗೆ ಅಂತ ಮಾಡಿದರೆ? ನಮ್ಮ ದಾರಿಯಲ್ಲೂ ಎಳೆದಿದ್ದಾರೆ. ಗೆರೆ ಬಿದ್ದ ಮೇಲೆ ಸೈಕಲ್‌ನವರು ತಮ್ಮ ಕಡೆ ಇನ್ನೂ ಜೋರಾಗಿ ಹೋಗುತ್ತಾರೆ, ಏಕೆಂದರೆ ಅದು 'ನಮ್ಮ ಜಾಗ'. ನಡೆಯುವವರಿಗೆ ಗೆರೆ ಕಣ್ಣಿಗೇ ಬೀಳುವುದಿಲ್ಲ, ಯಾರು ತಾನೇ ಕಾಲು ನೋಡಿಕೊಂಡು ನಡೆಯುತ್ತಾರೆ? ಆಮೇಲೆ ಜಗಳ. ಜಾಗ ಇರುವ ಕಡೆ ಎರಡನ್ನೂ ಮಟ್ಟದಲ್ಲೇ ಬೇರೆ ಮಾಡುವುದು ವಾಸಿ. ಸೈಕಲ್ಲಿಗೆ ಎರಡು ಇಂಚು ತಗ್ಗು, ಬೇರೆ ನೆಲಹಾಸು. ಕಣ್ಣು ಕಾಣದವರ ಕೋಲಿಗೂ ಆ ಅಂಚು ಗೊತ್ತಾಗುತ್ತದೆ. ಜಾಗ ಇಲ್ಲದ ಕಡೆ ಗೆರೆ ಬೇಡ, ಬೋರ್ಡ್ ಸಾಕು. 'ಇದು ನಡೆಯುವವರ ದಾರಿ, ಸೈಕಲ್ ನಿಧಾನವಾಗಿ ಬರಲಿ' ಅಂತ.

ಬೆಲ್ಲಿನ ವಿಷಯ ಒಂದಿದೆ. ಬೆಲ್ ಹೊಡೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಹೊಡೆಯದಿದ್ದರೆ ಬೆಚ್ಚಿ ಬೀಳುತ್ತಾರೆ. ಸ್ವಲ್ಪ ದೂರದಿಂದಲೇ ಒಂದು ಸಲ ಮೆಲ್ಲಗೆ ಬಾರಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬೆನ್ನ ಹಿಂದೆ ಬಂದು ಬಾರಿಸಿದರೆ ಬೈಗುಳ ಖಾಯಂ. ಮೈಸೂರಿನ ಬಾಡಿಗೆ ಸೈಕಲ್ ಯೋಜನೆಗೆ ಟ್ರಿಣ್ ಟ್ರಿಣ್ ಅಂತ ಹೆಸರಿಟ್ಟವರ ಮನಸ್ಸಿನಲ್ಲೂ ಈ ಮೆಲು ಬೆಲ್ಲೇ ಇತ್ತೇನೋ.

ಆ ಯೋಜನೆ ನೆನಪಿದೆಯಾ? 2017ರ ಜೂನ್‌ನಲ್ಲಿ ಶುರುವಾಯಿತು. 450 ಸೈಕಲ್, 48 ನಿಲ್ದಾಣ. ಒಂದು ಕಡೆ ಕಾರ್ಡ್ ತೋರಿಸಿ ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟು ಹೋಗಬಹುದು. ಪರಿಸರದ ಕೆಲಸಗಳಿಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿ ಗ್ಲೋಬಲ್ ಎನ್ವಿರಾನ್‌ಮೆಂಟ್ ಫೆಸಿಲಿಟಿಯ ನೆರವೂ ಇತ್ತು. ದೇಶದ ಬೇರೆ ಊರುಗಳವರು ನಮ್ಮ ಕಡೆ ತಿರುಗಿ ನೋಡಿದರು. ಪ್ರವಾಸಿಗಳು, ಕಾಲೇಜು ಹುಡುಗರು ಖುಷಿಯಿಂದ ತುಳಿದರು. ನಂಗೂ ಖುಷಿಯಾಗಿತ್ತು. ಆದರೆ ಸೈಕಲ್ ಬಂದ ವೇಗದಲ್ಲಿ ದಾರಿ ಬರಲಿಲ್ಲ. ಬಂದದ್ದು ತುಂಡು ತುಂಡಾಗಿ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಬಸ್ಸು, ಲಾರಿಗಳ ನಡುವೆ ನುಗ್ಗಬೇಕು. ಧೈರ್ಯ ಇದ್ದವರು ನುಗ್ಗಿದರು. ತಾಯಂದಿರು ಮಕ್ಕಳಿಗೆ 'ಬೇಡ ಕಣೋ' ಅಂದರು.

ಇದೇ ಮಾತು ಹಳ್ಳಿ ಶಾಲೆಗಳ ಸೈಕಲ್ಲಿಗೂ ಸಲ್ಲುತ್ತದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡುತ್ತಿತ್ತು. ಕೋವಿಡ್ ಹೊತ್ತಿಗೆ ನಿಂತುಹೋಯಿತು. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಸಂಜೆ ಹೊತ್ತು ಯೂನಿಫಾರಂ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವುದನ್ನು ನೋಡುವುದೇ ಒಂದು ಚೆಂದ. ಈಗ ಅದೇ ಮಂಡ್ಯದ ಮೇಲೆ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಹಾದು ಹೋಗಿದೆ. 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವಂತಿಲ್ಲ. ಒಳ್ಳೆಯ ನಿರ್ಧಾರವೇ, ಅಪಘಾತಗಳು ಅಷ್ಟಿದ್ದವು. ಆದರೆ ಅವರೆಲ್ಲ ಸೇರಿದ್ದು ಸರ್ವಿಸ್ ರಸ್ತೆಗೆ. ಕಬ್ಬಿನ ಗಾಡಿ, ಬಸ್ಸು, ಬೈಕು, ಸೈಕಲ್ಲು, ನಡೆಯುವವರು, ಎಲ್ಲರೂ ಒಂದೇ ಕಡೆ. ಅಲ್ಲಿ ಒಂದು ಬದಿಗೆ ಹತ್ತು ಅಡಿ ಪ್ರತ್ಯೇಕ ಬಿಟ್ಟಿದ್ದರೆ ಎಷ್ಟು ಮಕ್ಕಳಿಗೆ ಅನುಕೂಲವಾಗುತ್ತಿತ್ತು.

ಮತ್ತೆ ನಮ್ಮ ದಾರಿಗೆ ಬರೋಣ. ಎಲ್ಲರ ದೊಡ್ಡ ದೂರು ಸ್ಕೂಟರ್, ಬೈಕುಗಳದ್ದು. ನಡೆಯುವ ದಾರಿಯಲ್ಲಿ ಎದುರಿನಿಂದ ಹಾರ್ನ್ ಹೊಡೆದುಕೊಂಡು ಬರುತ್ತಾರೆ. ನಾವು ಪಕ್ಕಕ್ಕೆ ಸರಿಯಬೇಕು! ಅದಕ್ಕೆ ಕಂಬ ನೆಡಿ, ಬಾಯಿ ಕಟ್ಟಿ ಅಂತ ಒತ್ತಾಯ. ನೆಟ್ಟೂ ನೋಡಿದರು. ಇಲ್ಲೊಂದು ಪೇಚು ಇದೆ. ಗಾಲಿಕುರ್ಚಿ ದಾಟಬೇಕಾದರೆ ಕಂಬಗಳ ನಡುವೆ ಕನಿಷ್ಠ 900 ಮಿಲಿಮೀಟರ್ ಜಾಗ ಬೇಕು. ಸ್ಕೂಟರಿನ ಅಗಲವೇ ಅದಕ್ಕಿಂತ ಕಡಿಮೆ. ಅಂದರೆ ಗಾಲಿಕುರ್ಚಿ ಹೋಗುವ ಜಾಗದಲ್ಲಿ ಸ್ಕೂಟರ್ ಆರಾಮಾಗಿ ಹೋಗುತ್ತದೆ. ಸ್ಕೂಟರ್ ತಡೆಯುವಷ್ಟು ಒತ್ತಾಗಿ ಕಂಬ ನೆಟ್ಟರೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಸೊಪ್ಪಿನವಳ ಗಾಡಿ ಎಲ್ಲ ಹೊರಗೆ. ಕಂಬ ತಡೆಯುವುದು ಕಾರನ್ನು ಮಾತ್ರ. ಅದಕ್ಕೆ ನೆಡಿ, ಬೇಡ ಅನ್ನುವುದಿಲ್ಲ.

ಸ್ಕೂಟರಿನವರು ಯಾಕೆ ಬರುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ರಸ್ತೆಯಲ್ಲಿ ಡಿವೈಡರ್ ಹಾಕಿದ್ದಾರೆ, ಉದ್ದಕ್ಕೆ, ತೆರಪೇ ಇಲ್ಲದೆ. ಎದುರಿನ ಅಂಗಡಿಯಿಂದ ಹಾಲು ತರಬೇಕಾದವನು ಯೂ ಟರ್ನ್ ಹುಡುಕಿಕೊಂಡು ಅಷ್ಟು ದೂರ ಹೋಗಿ ಬರಬೇಕು. ಊಟ ತಲುಪಿಸುವ ಹುಡುಗನಿಗಂತೂ ಒಂದೊಂದು ನಿಮಿಷವೂ ದುಡ್ಡು. ಅವನು ತಿರುಗಿ ರಾಂಗ್ ಸೈಡಿನಲ್ಲಿ ಬರುತ್ತಾನೆ, ರಸ್ತೆ ಮೇಲೆ ಬಂದರೆ ಸಾಯುತ್ತೇನೆ ಅಂತ ಫುಟ್‌ಪಾತ್ ಹತ್ತುತ್ತಾನೆ. ನಾನು ಅವನ ಪರ ವಕಾಲತ್ತು ಮಾಡುತ್ತಿಲ್ಲ, ದಂಡ ಹಾಕಲಿ. ಆದರೆ ಡಿವೈಡರಿನಲ್ಲಿ ಸರಿಯಾದ ಕಡೆ ತೆರಪು ಬಿಟ್ಟು, ಅಲ್ಲೇ ಜನ ದಾಟಲು ಎತ್ತರಿಸಿದ ಪಟ್ಟೆ ಮಾಡಿದರೆ ಅರ್ಧ ಸಮಸ್ಯೆ ದಂಡವಿಲ್ಲದೆ ಹೋಗುತ್ತದೆ. ಈಗ ಏನಾಗಿದೆ ಅಂದರೆ ನಡೆಯುವವರೂ ಡಿವೈಡರ್ ಹಾರುತ್ತಾರೆ. ಸೀರೆ ಉಟ್ಟ ಅಜ್ಜಿ ಡಿವೈಡರ್ ಹಾರುವುದನ್ನು ನೋಡಿದ ಮೇಲೂ 'ಸುಂದರೀಕರಣ' ಅನ್ನುವ ಪದ ಬಳಸುವವರ ಧೈರ್ಯಕ್ಕೆ ನಮಸ್ಕಾರ.

ದೀಪದ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ದೀಪ ಇದೆ, ಜೋರಾಗೇ ಇದೆ. ಆದರೆ ಕಂಬ ಎತ್ತರ, ಬೆಳಕು ರಸ್ತೆಗೆ. ಮಳೆಮರದ ಕೊಂಬೆಗಳ ಮೇಲೆ ಬೆಳಕು ಚೆಲ್ಲುತ್ತದೆ, ಕೆಳಗೆ ನಡೆಯುವ ಜಾಗ ಕತ್ತಲು. ಸಂಜೆ ಏಳರ ಮೇಲೆ ಹೆಂಗಸರು ಆ ದಾರಿ ಬಿಟ್ಟು ರಸ್ತೆಗೆ ಇಳಿಯುವುದು ಅದಕ್ಕೇ. ಕೊಂಬೆ ಕಡಿಯಿರಿ ಅಂತ ದಯವಿಟ್ಟು ಯಾರೂ ಅರ್ಜಿ ಕೊಡಬೇಡಿ. ಕೊಂಬೆಯ ಕೆಳಗೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಸಣ್ಣ ದೀಪ ಸಾಲಾಗಿ ಹಾಕಿದರೆ ಸಾಕು. ಅಲಂಕಾರದ ದೀಪಕ್ಕೆ ಇಡುವ ದುಡ್ಡಿನಲ್ಲಿ ಇದು ಆಗುತ್ತದೆ.

ಇನ್ನು ನೆಲ. ನಮ್ಮ ಹಳೇ ಬಡಾವಣೆಗಳಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮುಚ್ಚಳ. ಚಪ್ಪಡಿ ಎತ್ತದೆ ಹೂಳು ತೆಗೆಯಲು ಆಗುವುದಿಲ್ಲ, ಎತ್ತಿದ ಚಪ್ಪಡಿ ಮೊದಲಿನಂತೆ ಕೂರುವುದಿಲ್ಲ. ನೀರಿನವರು ಒಂದು ಸಲ, ಕೇಬಲ್‌ನವರು ಇನ್ನೊಂದು ಸಲ ಅಗೆಯುತ್ತಾರೆ. ಇಂಟರ್‌ಲಾಕ್ ಟೈಲ್ಸ್ ಹಾಕುವುದೇ ಕಿತ್ತು ಮತ್ತೆ ಜೋಡಿಸಲು ಸುಲಭ ಅಂತ. ನಿಜ, ಕೀಳುವುದು ಸುಲಭ. ಜೋಡಿಸುವಾಗ ಕೆಳಗಿನ ಮಣ್ಣು, ಜಲ್ಲಿಪುಡಿ ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು, ಅದನ್ನು ಯಾರೂ ಮಾಡುವುದಿಲ್ಲ. ಒಂದು ಮಳೆಗೆ ಕುಸಿಯುತ್ತದೆ. ಸೈಕಲ್ಲಿಗಂತೂ ಅಂಚು ಕೆತ್ತಿದ ಟೈಲ್ಸ್ ಬೇಡವೇ ಬೇಡ, ಕೈ ಜುಮ್ಮೆನ್ನುತ್ತದೆ. ನಯವಾದ ಡಾಂಬರು ಅಗ್ಗ, ತುಳಿಯಲೂ ಹಗುರ. ನೋಡಲು ಚೆನ್ನಾಗಿಲ್ಲ ಅಂತ ಅದನ್ನು ಯಾರೂ ಒಪ್ಪುವುದಿಲ್ಲ, ಅಷ್ಟೇ.

ಮೈಸೂರು ಸೈಕಲ್ಲಿಗೆ ಹೇಳಿ ಮಾಡಿಸಿದ ಊರು ಅಂತ ನಾನು ಈಗಲೂ ನಂಬುತ್ತೇನೆ. ಬೆಟ್ಟ ಬಿಟ್ಟರೆ ದೊಡ್ಡ ಏರು ಕಡಿಮೆ. ಕುವೆಂಪುನಗರದಿಂದ ನಗರ ಬಸ್ ನಿಲ್ದಾಣಕ್ಕೆ ಐದು ಕಿಲೋಮೀಟರ್ ಆಸುಪಾಸು, ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ಮಾತು. ಅಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳುವುದು. ಕುವೆಂಪುನಗರ, ಬಲ್ಲಾಳ್ ವೃತ್ತ, ರಾಮಸ್ವಾಮಿ ವೃತ್ತ, ಬಸ್ ನಿಲ್ದಾಣ. ಒಂದೇ ಒಂದು ದಾರಿ, ಎಲ್ಲೂ ತುಂಡಾಗದೆ. 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತ ಅದು. ಅಂದು ಜನ ನಡೆದೇ ಅಲ್ಲಿ ಸೇರಿದ್ದರು. ಇಂದು ಅಲ್ಲಿ ರಸ್ತೆ ದಾಟಲು ಕಾಲೇಜು ಹುಡುಗರೂ ಓಡುತ್ತಾರೆ. ಮೊದಲ ದುಡ್ಡು ಇಂಥ ವೃತ್ತಗಳಿಗೇ ಹೋಗಬೇಕು, ನಡುವಿನ ನೇರ ರಸ್ತೆಗೆ ಆಮೇಲೆ. ನೇರ ರಸ್ತೆಯಲ್ಲಿ ಹೇಗೋ ಹೋಗಬಹುದು. ಜನ ಸೈಕಲ್ ಬಿಡುವುದು ವೃತ್ತಕ್ಕೆ ಹೆದರಿ.

'ಫುಟ್‌ಪಾತ್ ನಮ್ಮ ಹಕ್ಕು' ಅಂತ ಹೇಳಲು ಈಗ ಬಲವೂ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ನಡೆಯುವವರು, ಸೈಕಲ್‌ನವರ ಹಕ್ಕಿಗೆ ಅಂತಲೇ ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಕೆಲವು ವರ್ಷದ ಹಿಂದೆ ಒಂದು ಮಸೂದೆಯ ಕರಡನ್ನೂ ಮಾಡಿತ್ತು. ಅರ್ಜಿ ಬರೆಯುವವರು ಇವನ್ನು ಬಳಸಿಕೊಳ್ಳಿ. ಆದರೆ ಆ ಹಕ್ಕಿನ ಹೆಸರಿನಲ್ಲಿ ಎಳನೀರಿನವರನ್ನು ಎಬ್ಬಿಸಬೇಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೂ ಕಾಯ್ದೆಯೇ, ಅವರಿಗೂ ಜಾಗ ಗುರುತಿಸಿ ಕೊಡಬೇಕು. ಮೇಲಾಗಿ ಎಳನೀರಿನವರು ಇರುವ ಮೂಲೆಯಲ್ಲಿ ಸಂಜೆ ಹೆಂಗಸರು ಧೈರ್ಯವಾಗಿ ನಡೆಯುತ್ತಾರೆ. ಕಂಬದ ಸಿಸಿಟಿವಿಗಿಂತ ಅವರ ಕಣ್ಣಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ, ಅದನ್ನೂ ಹೇಳಬೇಕು. ನಮ್ಮ ದಾರಿಯ ನಡುವೆ ಒಂದು ದೊಡ್ಡ ಮಳೆಮರ ಇದೆ. ಅಲ್ಲಿ ದಾರಿ ಮೂರು ಅಡಿಗೆ ಇಳಿಯುತ್ತದೆ. ಬಡಾವಣೆಯ ಸಭೆಯಲ್ಲಿ ಇದೇ ಚರ್ಚೆ. ಮರ ಕಡಿಯೋಣ ಎಂದವರು ಕೆಲವರು. ಸೈಕಲ್‌ನವರು ಅಲ್ಲಿ ಇಳಿದು ತಳ್ಳಲಿ ಎಂದವರು ಕೆಲವರು. ಮರದ ಪಕ್ಕ ರಸ್ತೆಯಲ್ಲಿ ಎರಡು ಕಾರು ನಿಲ್ಲುವಷ್ಟು ಪಾರ್ಕಿಂಗ್ ಇದೆ, ಅದನ್ನು ತೆಗೆದು ದಾರಿಯನ್ನು ಮರದ ಆಚೆಯಿಂದ ಬಳಸಿ ತರೋಣ ಅಂತ ನಾನೆಂದೆ. ಆ ಎರಡು ಕಾರಿನವರೂ ಸಭೆಯಲ್ಲೇ ಕೂತಿದ್ದರು. 'ಮುಂದಿನ ಸಭೆಯಲ್ಲಿ ನೋಡೋಣ ಸರ್' ಅಂತ ಅಧ್ಯಕ್ಷರು ಕಾಫಿ ತರಿಸಿದರು. ಮುಂದಿನ ಸಭೆ ಬರುವ ಭಾನುವಾರ. ಈ ಸಲ ಕಾವಲುಗಾರ ಅಣ್ಣನನ್ನೂ ಕರೆದಿದ್ದೇನೆ, ಡ್ಯೂಟಿ ಬದಲಾಯಿಸಿಕೊಂಡು ಬರ್ತೀನಿ ಎಂದಿದ್ದಾರೆ.